ಕೋಲಾರಕ್ಕೆ ಎರಡು ಸಲ ಹೋದ ಕಾವೇರಿ



1902ರಲ್ಲಿ ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಗೆ ಹೋದಳು. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿದಳು. ಇದು ನಿಮಗೆಲ್ಲ ತಿಳಿದ ಕಥೆ. ಅವಳು ಮತ್ತೊಮ್ಮೆ ಕೋಲಾರಕ್ಕೆ ಹೋದ ಕಥೆ ನನ್ನದು.

ಶಿವನಸಮುದ್ರದ ಆಸುಪಾಸಿನಲ್ಲಿ ಎತ್ತಿದ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪಿನ ಬಲದಿಂದ ಏರುತ್ತ, ಸುಮಾರು 100 ಕಿಲೋಮೀಟರ್ ದಾಟಿ ಬೆಂಗಳೂರು ಸೇರುತ್ತದೆ. ಕೊಳವೆಯೊಳಗಿನ ತಿಕ್ಕಾಟವೂ ಸೇರಿದರೆ ಅದು 500 ಮೀಟರ್ ಎತ್ತಿದಷ್ಟು ಕೆಲಸ. 2024ರಲ್ಲಿ ಈ ಯೋಜನೆಯ ಐದನೇ ಹಂತ ಬಂದು ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಸಾಮರ್ಥ್ಯ ಸೇರಿತು.

ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಮ್ಮ ಕೈಗೆ ತುಂಬಿದ ಕೊಡ ಕೊಟ್ಟು ಮಹಡಿ ಹತ್ತಿಸಿ, "ಈಗ ಹೇಳಿ, ಕೆಲಸ ಅಂದರೇನು?" ಎಂದಿದ್ದರು. ಅವರು ಕಲಿಸಿದ ಸೂತ್ರದಲ್ಲೇ ಲೆಕ್ಕ ಹಾಕಿದೆ. ಸಾವಿರ ಲೀಟರನ್ನು 500 ಮೀಟರ್ ಎತ್ತಲು 1.36 ಯೂನಿಟ್ ಬೇಕು. ಪಂಪಿನ ನಷ್ಟ ಸೇರಿದರೆ ಎರಡು ಯೂನಿಟ್ ಹತ್ತಿರ. ನಿಮ್ಮ ಮನೆಯ ತಾರಸಿಯ ಒಂದು ಟ್ಯಾಂಕಿನ ಲೆಕ್ಕ ಇದು.

ಬಳಸಿ ಚೆಲ್ಲಿದ ನೀರಿನ ಒಂದು ಪಾಲು ತಾನೇ ಇಳಿದು ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಬರುತ್ತದೆ. ಅಲ್ಲಿನ ಶುದ್ಧೀಕರಣ ಘಟಕದಲ್ಲಿ ಕೊಳಚೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಉಸಿರು ಬೇಕು. ಹಗಲಿರುಳು ಗಾಳಿ ಊದುವ ಬ್ಲೋವರುಗಳು ಕರೆಂಟನ್ನು ಹೀರುತ್ತವೆ. ಶುದ್ಧೀಕರಿಸಿದ ನೀರು 2018ರಿಂದ ಮತ್ತೆ ಪಂಪು ಹತ್ತಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಅಂದು ತಂತಿಯಲ್ಲಿ ಹೋದವಳು ಇಂದು ಕೊಳವೆಯಲ್ಲಿ. ಅಂದು ಶಕ್ತಿ ಕೊಟ್ಟು ಹೋದಳು, ಇಂದು ಶಕ್ತಿ ಕೇಳಿ ಹೋಗುತ್ತಾಳೆ.

ವಿವಾದ ಇರುವುದು ಇಲ್ಲಿ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಕೋಲಾರದವರು ಕೇಳುತ್ತಾರೆ. ಕರೆಂಟಿನ ಖರ್ಚು ನೆನೆದು ನಾನು ಬಹುಕಾಲ ಅದನ್ನು ಒಪ್ಪಿರಲಿಲ್ಲ. ಆದರೆ ಕೆರೆಯ ನೀರು ಇಂಗಿ ಬಾವಿಗೆ ಸೇರುತ್ತದೆ, ಆ ಬಾವಿಯಿಂದ ಕುಡಿಯುವವರಿದ್ದಾರೆ. ನಮ್ಮ ಮನೆಗೆ ನೀರು ಎತ್ತುವಾಗ ಯೂನಿಟ್ ಎಣಿಸದ ನಾನು ಅವರ ಬಾವಿಯ ವಿಷಯದಲ್ಲಿ ಮಾತ್ರ ಎಣಿಸುವುದು ನ್ಯಾಯವೇ? ಹಾಗೆಂದು ಪ್ರತಿ ಹಂತಕ್ಕೂ ಇನ್ನಷ್ಟು ಕರೆಂಟು ಕೂಡಿಸುತ್ತ ಎಲ್ಲಿಯವರೆಗೆ ಹೋದೇವು? ನನಗಿನ್ನೂ ಉತ್ತರ ಸಿಕ್ಕಿಲ್ಲ.

ಒಂದು ಕೋರಿಕೆ ಮಾತ್ರ ಇದೆ. ತಾರಸಿಯ ಮೇಲೆ ಬೀಳುವ ಮಳೆಯನ್ನು ಯಾವ ಪಂಪೂ ಎತ್ತಬೇಕಿಲ್ಲ. ಈ ಮಳೆಗಾಲಕ್ಕೆ ಮುಂಚೆ ಅದನ್ನು ಹಿಡಿಯುವ ಏರ್ಪಾಡು ಮಾಡಿಕೊಳ್ಳಿ.