ಆಮೆ ಅವರದ್ದಾ, ನಮ್ಮದಾ?

ಮೊನ್ನೆ ಮಂಗಳೂರಿಗೆ ಹೋಗಿದ್ದೆ. ಬೆಳಗಿನ ಜಾವ ಐದೂವರೆಗೆಲ್ಲ ಬಂದರಿನ ದಕ್ಕೆಯಲ್ಲಿದ್ದೆ. ಹರಾಜು ಕೂಗುವವರು, ಬುಟ್ಟಿ ಹಿಡಿದು ಕಾಯುವ ಮೀನು ಮಾರುವ ಹೆಂಗಸರು, ಐಸ್ ಪುಡಿ ಮಾಡುವ ಯಂತ್ರದ ಸದ್ದು, ತುಳು, ಬ್ಯಾರಿ, ಮಲಯಾಳ, ತಮಿಳು ಎಲ್ಲ ಒಟ್ಟೊಟ್ಟಿಗೆ. ಹತ್ತು ದಿನ ಕಡಲಲ್ಲಿದ್ದು ಆಗಷ್ಟೇ ದಡ ಮುಟ್ಟಿದ್ದ ಟ್ರಾಲ್ ಬೋಟ್ ಒಂದರ ಮಾಲೀಕರು ಮಾತಿಗೆ ಸಿಕ್ಕರು. ಬುಟ್ಟಿ ತುಂಬ ಸಿಗಡಿ ಇತ್ತು. ಇಲ್ಲಿಯವರು ಎಟ್ಟಿ ಅಂತಾರೆ. ರೇಟ್ ಹೇಗಿದೆ ಅಂತ ಕೇಳಿದೆ.

"ಎಂತ ರೇಟು ಮಾರಾಯ್ರೇ! ಅಮೆರಿಕದವರಿಗೆ ನಮ್ಮ ಕಡಲಿನ ಎಟ್ಟಿ ಬೇಡವಂತೆ. ಆಮೆ ಸಾಯ್ತದಂತೆ. ಬಲೆಗೆ ಆಮೆ ಬಿದ್ರೆ ನಾವು ಕೈಮುಗಿದು ನೀರಿಗೆ ಬಿಡುವವರು. ಆ ಆಮೆ ಅವರದ್ದಾ, ನಮ್ಮದಾ? ನೀವೇ ಹೇಳಿ."

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇವತ್ತು ಆ ಪ್ರಶ್ನೆಯನ್ನೇ ಎತ್ತಿಕೊಳ್ತೀನಿ.

ಮೊದಲು ವಿಷಯ ಏನು ಅಂತ ತಿಳ್ಕೊಳ್ಳೋಣ. ಕಡಲಾಮೆ ಮೀನಲ್ಲ. ಅದಕ್ಕೆ ಉಸಿರಾಡೋಕೆ ನೀರಿನ ಮೇಲೆ ಬರಲೇಬೇಕು. ಸಿಗಡಿ ಹಿಡಿಯುವ ಟ್ರಾಲ್ ಬಲೆ ಕಡಲ ತಳವನ್ನು ಗಂಟೆಗಟ್ಟಲೆ ಎಳ್ಕೊಂಡು ಹೋಗುತ್ತೆ. ಅದರೊಳಗೆ ಸಿಕ್ಕ ಆಮೆ ಮೇಲೆ ಬರೋಕಾಗದೆ ಉಸಿರು ಕಟ್ಟಿ ಸಾಯುತ್ತೆ. ಬಲೆ ಮೇಲಕ್ಕೆತ್ತಿದಾಗ ಜೀವ ಇದ್ದರೆ ಕೈಮುಗಿದು ಬಿಡಬಹುದು, ನಿಜ. ಜೀವ ಹೋಗಿದ್ದರೆ? ಇದಕ್ಕೆ ಪರಿಹಾರವಾಗಿ ಬಂದಿದ್ದು ಟೆಡ್ ಎಂಬ ಸಾಧನ. ಬಲೆಯ ನಡುವೆ ಓರೆಯಾಗಿ ಕೂರಿಸುವ ಲೋಹದ ಸರಳುಗಳ ಚೌಕಟ್ಟು. ಸಿಗಡಿ ಸರಳಿನ ಸಂದಿಯಲ್ಲಿ ತೂರಿ ಬಲೆಯ ತುದಿಗೆ ಹೋಗುತ್ತೆ. ಆಮೆ ಸರಳಿಗೆ ಬಡಿದು, ಅಲ್ಲೇ ಇರುವ ಕಿಂಡಿಯಿಂದ ಹೊರಗೆ ಹೋಗುತ್ತೆ. ಇಷ್ಟೇ.

1989ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಅದರ 609ನೇ ಸೆಕ್ಷನ್ ಪ್ರಕಾರ, ಕಡಲಾಮೆಗೆ ಅಪಾಯ ಮಾಡುವ ರೀತಿಯಲ್ಲಿ ಹಿಡಿದ ಸಿಗಡಿಗೆ ಅಮೆರಿಕದ ಬಾಗಿಲು ಬಂದ್. 1996ರ ಮೇ ತಿಂಗಳಿಂದ ಅದನ್ನು ಎಲ್ಲ ದೇಶಗಳಿಗೂ ಅನ್ವಯಿಸಿದರು. ಭಾರತ ಸುಮ್ಮನಿರಲಿಲ್ಲ. ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಜೊತೆ ಸೇರಿ ವಿಶ್ವ ವ್ಯಾಪಾರ ಸಂಘಟನೆಯ ಕಟಕಟೆ ಹತ್ತಿತು. ಹೌದು, ಭಾರತ ಮತ್ತು ಪಾಕಿಸ್ತಾನ ಒಂದೇ ಕಡೆ ನಿಂತು ವಾದ ಮಾಡಿದ ಕೇಸ್ ಇದು, ಅದೂ ಸಿಗಡಿಗಾಗಿ!

1998ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ಮಂಡಳಿಯ ತೀರ್ಪು ಬಂತು. ಗೆದ್ದವರು ನಾವೇ. ಆದರೆ ಯಾಕೆ ಗೆದ್ದೆವು ಅನ್ನೋದನ್ನ ಗಮನವಿಟ್ಟು ಕೇಳಿ. ಕೆರಿಬಿಯನ್ ಭಾಗದ ದೇಶಗಳಿಗೆ ಬಲೆ ಬದಲಿಸಿಕೊಳ್ಳೋಕೆ ಅಮೆರಿಕ ಮೂರು ವರ್ಷ ಟೈಮ್ ಕೊಟ್ಟಿತ್ತು. ನಮಗೆ ಕೊಟ್ಟಿದ್ದು ನಾಲ್ಕೇ ತಿಂಗಳು. ಅವರ ಜೊತೆ ಕೂತು ಮಾತಾಡಿತ್ತು, ನಮ್ಮ ಜೊತೆ ಆ ಶ್ರಮ ತಗೊಂಡಿರಲಿಲ್ಲ. ಇದು ತಾರತಮ್ಯ, ಇದು ತಪ್ಪು ಅಂತ ಮಂಡಳಿ ಹೇಳಿತು. ಆದರೆ ಆಮೆ ಉಳಿಸೋಕೆ ವ್ಯಾಪಾರ ನಿರ್ಬಂಧಿಸೋದೇ ತಪ್ಪು ಅಂತ ಅದು ಹೇಳಲಿಲ್ಲ. ಅಮೆರಿಕ ತನ್ನ ಕ್ರಮವನ್ನು ತಿದ್ದಿಕೊಂಡಿತು, ಕಾನೂನು ಉಳಿಯಿತು. 2001ರಲ್ಲಿ ಅದೇ ಮಂಡಳಿ, ಈಗ ಸರಿಯಿದೆ ಅಂತ ಒಪ್ಪಿಕೊಂಡಿತು.

ಅಂದ್ರೆ ಕೇಸು ನಾವು ಗೆದ್ದೆವು, ನಿಯಮ ಅವರದ್ದೇ ನಿಂತಿತು. 2019ರಿಂದ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಗೆ ಅಮೆರಿಕದಲ್ಲಿ ಪ್ರವೇಶವಿಲ್ಲ. ತೀರ್ಪಿನ ನಂತರ ನಮಗೆ ಸಿಕ್ಕಿದ್ದು ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷ ನಾವೇನು ಮಾಡಿದೆವು?

ನಮ್ಮ ವಿಜ್ಞಾನಿಗಳು ಸುಮ್ಮನೆ ಕೂತಿರಲಿಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬೋಟುಗಳಿಗೆ, ನಮ್ಮ ಬಲೆಗಳಿಗೆ ಹೊಂದುವಂಥ ಟೆಡ್ ತಯಾರು ಮಾಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಡಲಾಮೆಗೆ ಹುಲಿಯ ಸಮಾನ ಸ್ಥಾನ ಇದೆ. ಕಾನೂನಿದೆ, ತಂತ್ರಜ್ಞಾನ ಇದೆ. ಆದರೆ ಕಾಗದದ ಮೇಲಿನ ಟೆಡ್ ಬೇರೆ, ಕಡಲಿಗಿಳಿದ ಬಲೆಯ ಟೆಡ್ ಬೇರೆ. ಅಮೆರಿಕ ನೋಡುವುದು ಎರಡನೆಯದನ್ನು.

ನಮ್ಮ ವ್ಯಾಪಾರ ನೀತಿಗೆ ಪರಿಸರದ ಚಿಂತೆಯೇ ಇಲ್ಲ ಅಂತ ನಾನು ಹೇಳಲ್ಲ. 1992ರ ವಿದೇಶ ವ್ಯಾಪಾರ ಕಾಯ್ದೆ ಕೇಂದ್ರಕ್ಕೆ ಯಾವ ಸರಕಿನ ರಫ್ತನ್ನೂ ನಿಷೇಧಿಸುವ ಅಧಿಕಾರ ಕೊಟ್ಟಿದೆ. ಅದನ್ನೇ ಬಳಸಿ 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತು ನಿಲ್ಲಿಸಿದರು. 2023ರ ವಿದೇಶ ವ್ಯಾಪಾರ ನೀತಿಯಲ್ಲಿ ಬ್ಯಾಟರಿ ವಾಹನ, ಹಸಿರು ಹೈಡ್ರೋಜನ್, ಕೊಳಚೆ ನೀರು ಶುದ್ಧೀಕರಣದ ಉತ್ಪನ್ನಗಳಿಗೆ ರಿಯಾಯಿತಿ ಇದೆ. ಒಳ್ಳೆಯದೇ. ಆದರೆ ಅದು ಕಾರ್ಖಾನೆಯ ಭಾಷೆ. ದಕ್ಕೆಯವರ ಕಿವಿಗೆ ಅದು ಇನ್ನೂ ಬಿದ್ದಿಲ್ಲ.

ಕುದುರೆಮುಖವನ್ನು ಮಂಗಳೂರಿನವರು ಮರೆತಿರಲಾರರು. ಘಟ್ಟದ ಅದಿರು ಕೊಳವೆಯಲ್ಲಿ ಹರಿದು ಪಣಂಬೂರಿಗೆ ಬಂದು ಹಡಗು ಹತ್ತುತ್ತಿತ್ತು. ಡಾಲರ್ ಬರ್ತಿತ್ತು, ಭದ್ರಾ ನದಿಗೆ ಹೂಳು ಬರ್ತಿತ್ತು. ಗಣಿಗಾರಿಕೆ ನಿಂತಿದ್ದು 2005ರ ಕೊನೆಗೆ. ನಿಲ್ಲಿಸಿದ್ದು ವಾಣಿಜ್ಯ ಸಚಿವಾಲಯವಲ್ಲ, ಸುಪ್ರೀಂ ಕೋರ್ಟು. ಬೆಟ್ಟವಾದರೆ ಕೋರ್ಟು ಹೇಳಬೇಕು, ಕಡಲಾದರೆ ಅಮೆರಿಕ ಹೇಳಬೇಕು. ನಾವಾಗೇ ಯಾವಾಗ ಹೇಳೋದು?

ಹಾಗಂತ ಅಮೆರಿಕವನ್ನು ಆಮೆಯ ಉದ್ಧಾರಕ ಅಂತ ಕೂರಿಸಿ ಆರತಿ ಎತ್ತೋದೂ ಬೇಡ. ಇಲ್ಲೊಂದು ತಮಾಷೆ ಇದೆ. ಕಡಲ ಸಿಗಡಿಗೆ ಬಾಗಿಲು ಮುಚ್ಚಿದ ಅಮೆರಿಕ, ಕೊಳದಲ್ಲಿ ಸಾಕಿದ ಸಿಗಡಿಗೆ ಬಾಗಿಲು ತೆರೆದೇ ಇಟ್ಟಿದೆ. ಆಂಧ್ರದ ಕೊಳಗಳ ವನ್ನಾಮಿ ಸಿಗಡಿ ಹಡಗುಗಟ್ಟಲೆ ಅಲ್ಲಿಗೆ ಹೋಗುತ್ತೆ. ಕೊಳದಲ್ಲಿ ಆಮೆ ಸಾಯಲ್ಲವಲ್ಲ! ಸರಿ, ಸಾಕಿದ ಸಿಗಡಿ ತಿನ್ನೋದೇನು? ಮೀನಿನ ಹುಡಿ ಸೇರಿಸಿದ ಆಹಾರ. ಆ ಹುಡಿ ಎಲ್ಲಿಂದ ಬರುತ್ತೆ? ಉಳ್ಳಾಲದ ಕಡೆ ಹೋದರೆ ವಾಸನೆಯೇ ಹೇಳುತ್ತೆ. ಟ್ರಾಲ್ ಬಲೆಗೆ ಬಿದ್ದ ಮರಿ ಮೀನು, ಹರಾಜಿನಲ್ಲಿ ಯಾರೂ ಕೊಳ್ಳದ ಸಣ್ಣ ಮೀನು, ಸುಗ್ಗಿಯ ಬೂತಾಯಿ, ಎಲ್ಲ ಹುಡಿಯಾಗುವುದು ಇಂಥ ಕಾರ್ಖಾನೆಗಳಲ್ಲೇ. ಯಾವ ಬಲೆಯ ಸಿಗಡಿ ಬೇಡ ಅಂದರೋ, ಅಂಥದೇ ಬಲೆಯ ಮರಿ ಮೀನು ಸಿಗಡಿಯ ಹೊಟ್ಟೆ ಸೇರಿ ಅದೇ ದೇಶದ ತಟ್ಟೆಗೆ ಹೋಗಬಹುದು. ಅವರ ನಿಯಮ ಆಮೆಯನ್ನು ಲೆಕ್ಕ ಹಾಕುತ್ತೆ, ನಮ್ಮ ಕಡಲನ್ನಲ್ಲ. ನಮ್ಮ ಕಡಲನ್ನು ಲೆಕ್ಕ ಹಾಕಬೇಕಾದವರು ನಾವು.

"ಮೀನುಗಾರರು ನಿಯಮ ಪಾಲಿಸಲ್ಲ ಸಾರ್" ಅಂತ ಕಚೇರಿಗಳಲ್ಲಿ ಕೂತವರು ಹೇಳೋದನ್ನ ಕೇಳಿದ್ದೀನಿ. ಹಾಗಾದ್ರೆ ಜೂನ್ 1ರಿಂದ ಜುಲೈ 31ರವರೆಗೆ ದಕ್ಕೆಗೆ ಹೋಗಿ ನೋಡಿ. 61 ದಿನ ಯಾಂತ್ರೀಕೃತ ಬೋಟುಗಳು ಸಾಲಾಗಿ ಲಂಗರು ಹಾಕಿ ನಿಂತಿರ್ತವೆ. ಮೀನು ಮರಿ ಮಾಡುವ ಕಾಲ, ಬಲೆ ಹಾಕಬಾರದು. ಈ ಶಿಸ್ತನ್ನು ಯಾವ ಅಮೆರಿಕವೂ ಹೇರಿಲ್ಲ. ಗೊಣಗಾಟ ಇದೆ, ಎರಡು ತಿಂಗಳು ಕೈ ಖಾಲಿ ಅನ್ನೋ ನೋವಿದೆ, ಆದರೂ ಪಾಲಿಸ್ತಾರೆ. ಯಾಕೆ? ಆ ನಿಯಮ ತಮ್ಮ ಮೀನಿಗಾಗಿ ಅಂತ ಅವರಿಗೆ ಗೊತ್ತು. ಎಲ್ಲ ಬೋಟಿಗೂ ಒಂದೇ ನಿಯಮ ಅಂತಲೂ ಗೊತ್ತು.

ಟೆಡ್‌ಗೂ ಇದೇ ದಾರಿ ಬೇಕು. ಆ ಕಿಂಡಿಯಿಂದ ಆಮೆಯ ಜೊತೆ ಸ್ವಲ್ಪ ಮೀನೂ ಹೋಗುತ್ತೆ ಅನ್ನೋದು ಬೋಟಿನವರ ಆತಂಕ. ಅದನ್ನು ಮೂರ್ಖತನ ಅಂತ ತಳ್ಳಿ ಹಾಕಬೇಡಿ, ಅದು ಅವರ ಡೀಸೆಲ್ ಲೆಕ್ಕ. ಸಾಧನದ ಖರ್ಚು ಸರ್ಕಾರ ಹೊರಲಿ. ಮೊದಲ ಕೆಲವು ಋತುಗಳ ನಷ್ಟದಲ್ಲೂ ಪಾಲು ಹೊರಲಿ. ಅಮೆರಿಕದ ಬಾಗಿಲು ತೆರೆದರೆ ಡಾಲರ್ ಎಣಿಸುವುದು ರಫ್ತುದಾರ. ಅದರಲ್ಲಿ ಟೆಡ್ ಹಾಕಿದ ಬೋಟಿಗೆ ಕೆ.ಜಿ.ಗೆ ಎಷ್ಟು ಹೆಚ್ಚು ಸಿಗುತ್ತೆ ಅಂತ ದಕ್ಕೆಯಲ್ಲೇ ತೀರ್ಮಾನವಾಗಲಿ. ಮರಿ ಮೀನು ಹುಡಿಯಾಗೋದಕ್ಕೂ ಲೆಕ್ಕ ಇರಲಿ. ನನ್ನ ಪ್ರಕಾರ ವ್ಯಾಪಾರ ನೀತಿಯಲ್ಲಿ ಪರಿಸರ ಅಂದ್ರೆ ಇದು. ದೆಹಲಿಯ ಕಡತದಲ್ಲಿ ಹಸಿರು ಶಾಯಿ ಇದ್ದರಷ್ಟೇ ಸಾಲದು.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. 2024ರ ಆರಂಭದಲ್ಲಿ ಮಂಗಳೂರಿನ ತಣ್ಣೀರುಬಾವಿ, ಸಸಿಹಿತ್ಲು ಕಡಲ ತೀರಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಬಂದು ಮೊಟ್ಟೆಯಿಟ್ಟವು. ಅರಣ್ಯ ಇಲಾಖೆಯವರು, ಊರಿನವರು ಸೇರಿ ಕಾವಲು ಕಾದರು. ಮರಿಗಳು ಒಡೆದು ಬಂದು, ಅಂಗೈಯಷ್ಟೂ ಇಲ್ಲದ ದೇಹ ಹೊತ್ತು ತೆವಳ್ಕೊಂಡು ಕಡಲು ಸೇರಿದವು. ಹೆಣ್ಣಾಮೆ ತಾನು ಹುಟ್ಟಿದ ಕರಾವಳಿಗೇ ಮೊಟ್ಟೆಯಿಡೋಕೆ ಮರಳುತ್ತೆ ಅಂತ ತಿಳಿದವರು ಹೇಳ್ತಾರೆ. ದಡದಲ್ಲಿ ನಾವು ಕಾದು ಕಳಿಸಿದ ಮರಿ, ನಡುಕಡಲಿನಲ್ಲಿ ನಮ್ಮದೇ ಬಲೆಯಲ್ಲಿ ಉಸಿರು ಕಟ್ಟಬಾರದು ಅಲ್ವಾ?

ದಕ್ಕೆಯ ಆ ಹಿರಿಯರಿಗೆ ಅವತ್ತು ಕೊಡಲಾಗದ ಉತ್ತರ ಇವತ್ತು ಕೊಡ್ತೀನಿ. ಆಮೆ ಅಮೆರಿಕದ್ದಲ್ಲ ಅಣ್ಣಾ, ನಮ್ಮದೇ. ಅದಕ್ಕೇ ಅದನ್ನು ಉಳಿಸುವ ನಿಯಮವೂ ನಮ್ಮದೇ ಆಗಬೇಕು. ಅದರ ಖರ್ಚು ನಿಮ್ಮೊಬ್ಬರದ್ದಾಗಬಾರದು.