ಮೊದಲು ತಾಯಿಯನ್ನು ತೋರಿಸಿ

ಮಕ್ಕಳ ಹಟಕ್ಕೆ ಸೋತು ನಾಯಿಮರಿ ತರಲು ಹೊರಟಿದ್ದೀರಾ? ಮರಿಯ ಮುದ್ದು ಮುಖ ಆಮೇಲೆ ನೋಡಿ. ಮೊದಲು ಅದರ ತಾಯಿಯನ್ನು ತೋರಿಸಿ ಅನ್ನಿ. ತಾಯಿ ಸೊರಗಿ, ಕತ್ತಲ ಮೂಲೆಯಲ್ಲಿ ಮುದುಡಿ ಮಲಗಿದ್ದರೆ ಬರಿಗೈಯಲ್ಲೇ ವಾಪಸಾಗಿ. 'ಬಸ್‌ಸ್ಟ್ಯಾಂಡಿಗೇ ತಂದುಕೊಡ್ತೀನಿ ಸಾರ್' ಎನ್ನುವವನ ಸಹವಾಸವೂ ಬೇಡ. 2017ರ ಕೇಂದ್ರದ ನಿಯಮದಂತೆ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು.

ಒಳ್ಳೆಯ ಮಾರಾಟಗಾರ ನಿಮ್ಮನ್ನೇ ಪ್ರಶ್ನೆ ಕೇಳುತ್ತಾನೆ: ಹಗಲು ಮನೆಯಲ್ಲಿ ಯಾರಿರ್ತಾರೆ? ಓಡಾಡಲು ಜಾಗವಿದೆಯೇ? ಮುಧೋಳ ನಾಯಿಯಾದರಂತೂ ಕೇಳಲೇಬೇಕು. ಬೇಟೆಗೆ ಓಡಿದ ತಳಿ ಅದು. ಬಾಲ್ಕನಿ ಅದಕ್ಕೆ ಸೆರೆಮನೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಆ ಕಡೆ ಹೋದಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಿ ಬನ್ನಿ.