ಕಾಕಾನ ಕಂಪ್ಯೂಟರಿಗೆ ಯಾವ ಬೀಗ?

ಇವತ್ತು ರಾಜಕೀಯ ಬೇಡ. ಕುರ್ಚಿ, ಟಿಕೆಟ್, ಬಣ, ಬಂಡಾಯ ಎಲ್ಲಾ ಒಂದು ದಿನ ಪಕ್ಕಕ್ಕಿರಲಿ. ಇವತ್ತು ನಮ್ಮನೆ ಕಥೆ ಹೇಳ್ತೀನಿ. ಕೇಳಿದ ಮೇಲೆ ಇದು ನಿಮ್ಮನೆ ಕಥೆಯೂ ಹೌದೋ ಅಲ್ವೋ ನೀವೇ ಹೇಳಿ.

ಬಾಗಲಕೋಟೆ ಕಡೆಯ ಬೇವೂರು ನಮ್ಮ ಕಾಕಾನ ಊರು. ಕಾಕಾ ನಿವೃತ್ತ ಕನ್ನಡ ಶಾಲೆ ಮಾಸ್ತರು. ಮನೆಯಲ್ಲೊಂದು ಕಂಪ್ಯೂಟರ್ ಇದೆ. ಮಗ ಪುಣೆಗೆ ನೌಕರಿಗೆ ಹೋಗುವಾಗ ಬಿಟ್ಟು ಹೋದದ್ದು. ಕಾಕಾ ಅದರಲ್ಲಿ ಹೊಲದ ಪಹಣಿ ತೆಗೀತಾರೆ, ಪಿಂಚಣಿ ಜಮಾ ಆಯ್ತಾ ಅಂತ ನೋಡ್ತಾರೆ, ಊರಿನವರಿಗೆ ಅರ್ಜಿ ಟೈಪ್ ಮಾಡಿ ಕೊಡ್ತಾರೆ. ಕಾಕು ಮನೆಯಲ್ಲೇ ಇಳಕಲ್ ಸೀರೆ ಮಾರ್ತಾರೆ. ಯಾರ ಹತ್ತಿರ ಎಷ್ಟು ಉದ್ರಿ ಇದೆ, ಯಾರ ಮನೆ ಮದುವೆಗೆ ಎಷ್ಟು ಸೀರೆ ಹೋಯ್ತು, ಎಲ್ಲ ಲೆಕ್ಕ ಅದರಲ್ಲೇ. ಮೊಮ್ಮಗಳ ಮುಖ ನೋಡೋದೂ ಅದರಲ್ಲೇ.

ಒಂದು ದಿನ ಕಾಕಾ ಫೋನ್ ಮಾಡಿದರು. "ತಮ್ಮಾ, ನೀ ಟೀವಿಯೊಳಗ ಎಲ್ಲಾರಿಗೂ ಬುದ್ಧಿ ಹೇಳ್ತಿ. ನನಗೊಂದು ಹೇಳಪಾ. ಈ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಹಾಕಿಸ್ಲಿ? ಅಂಗಡ್ಯಾಂವ ಎರಡು ಹಾಕಸ್ರಿ, ಒಂದಕ್ಕಿಂತ ಎರಡು ಛಲೋ ಅಂತಾನ. ಅದೇನೋ ಫೈರ್‌ವಾಲ್ ಬ್ಯಾರೆ ತಗೋಬೇಕಂತ."

ನಾನು ಸ್ಟುಡಿಯೋಗೆ ಹೊರಟಿದ್ದೆ. ಅವಸರ. "ಕಾಕಾ, ಅದೆಲ್ಲ ನಿಮಗ ತಿಳಿಯಂಗಿಲ್ರಿ. ಯಾವುದರ ಒಂದು ಹಾಕಸ್ರಿ. ಏನೇನರ ಒತ್ತಿ ಕೆಡಸಬ್ಯಾಡ್ರಿ" ಅಂದೆ. ಫೋನ್ ಇಟ್ಟೆ. ಅಷ್ಟೇ. ಅರ್ಧ ನಿಮಿಷದ ಮಾತು.

ಕಾಕಾ ಅಂಗಡಿಯವನ ಮಾತು ಕೇಳಿ ಎರಡೂ ಹಾಕಿಸಿದರು. ಮೊದಲೇ ಮುದಿ ಕಂಪ್ಯೂಟರ್, ಎತ್ತಿನ ಗಾಡಿ ಆಯ್ತು. ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಕಾಕಾ ಯಾವುದೋ ಅರ್ಜಿ ನಮೂನೆ ಹುಡುಕ್ತಾ ಇದ್ದಾಗ ಇಡೀ ಪರದೆ ಕೆಂಪಾಯ್ತು. ಸೈರನ್ ಹೊಡೀತು. ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಬ್ಯಾಂಕ್ ವಿವರ ಸೋರಿಕೆ ಆಗ್ತಿದೆ, ತಕ್ಷಣ ಈ ನಂಬರಿಗೆ ಕರೆ ಮಾಡಿ ಅಂತ. ಕಾಕಾ ಆ ನಂಬರಿಗೆ ಮಾಡಿದರು. ಆ ಕಡೆಯವನು ಸರ್ ಸರ್ ಅಂತ ಬಹಳ ಮರ್ಯಾದೆಯಿಂದ ಮಾತಾಡಿದ. ಒಂದು ಆ್ಯಪ್ ಹಾಕಿಸಿದ. ಆ ಆ್ಯಪ್‌ನಿಂದ ಕಾಕಾನ ಪರದೆ ಅವನಿಗೆ ಕಾಣಿಸ್ತು, ಮೌಸ್ ಅವನ ಕೈಗೆ ಹೋಯ್ತು. ವೈರಸ್ ತೆಗೆಯೋಕೆ ಸಣ್ಣ ಶುಲ್ಕ ಕಟ್ಟಿ ಅಂದ. ಕಾಕಾ ನೆಟ್ ಬ್ಯಾಂಕಿಂಗ್ ತೆರೆದರು. ಸಣ್ಣ ಶುಲ್ಕದ ಜಾಗದಲ್ಲಿ 28 ಸಾವಿರ ರೂಪಾಯಿ ಹೋಯ್ತು.

ಅದಕ್ಕಿಂತ ದೊಡ್ಡ ವಿಷಯ ಮುಂದಿದೆ. ಒಂಬತ್ತು ದಿನ ಕಾಕಾ ಯಾರಿಗೂ ಹೇಳಲಿಲ್ಲ. ಸರಿಯಾಗಿ ಊಟ ಮಾಡಲಿಲ್ಲ, ಕಟ್ಟೆಗೆ ಹೋಗಲಿಲ್ಲ. ಕಾಕು ಪಾಸ್‌ಬುಕ್ ನೋಡಿದ ಮೇಲೆ ಗೊತ್ತಾಯ್ತು. ನಾನು ಕೇಳಿದೆ, ಕಾಕಾ, ನನಗ್ಯಾಕ ಫೋನ್ ಮಾಡಲಿಲ್ರಿ? ಅವರು ಹೇಳಿದ್ದು ಒಂದೇ ಮಾತು. "ಏನೇನರ ಒತ್ತಬ್ಯಾಡ್ರಿ ಅಂತ ನೀ ಮೊದಲ ಹೇಳಿದ್ದಿ. ನಾ ಒತ್ತಿದ್ದೆ. ಮತ್ತ ಬೈತಿ ಅಂತ ಹೇಳಲಿಲ್ಲ ತಮ್ಮಾ."

ವೀಕ್ಷಕರೇ, ಎಷ್ಟೋ ಮಂತ್ರಿಗಳನ್ನ ಕೂರಿಸಿಕೊಂಡು ಪ್ರಶ್ನೆ ಕೇಳಿದ ಬಾಯಿ ಇದು. ಆ ದಿನ ಮಾತು ಹೊರಡಲಿಲ್ಲ.

ಆ ವಾರವೇ ಬೇವೂರಿಗೆ ಹೋದೆ. ಎರಡು ದಿನ ಕಾಕಾನ ಪಕ್ಕ ಕೂತೆ. ಆಗ ನಾವಿಬ್ಬರೂ ಸೇರಿ ಆರಿಸಿದ್ದು ಏನು, ಬಿಟ್ಟಿದ್ದು ಏನು, ಯಾಕೆ, ಅದನ್ನ ಹೇಳ್ತೀನಿ.

ಮೊದಲು ಫೈರ್‌ವಾಲ್ ಅಂದ್ರೆ ಏನು? ನಮ್ಮ ಉತ್ತರ ಕರ್ನಾಟಕದ ಹಳೇ ಊರುಗಳಿಗೆ ಅಗಸಿ ಬಾಗಿಲು ಇರ್ತಿತ್ತು. ಊರೊಳಗೆ ಯಾರು ಬರ್ತಾರೆ ಅಂತ ಅಲ್ಲೇ ನೋಡೋದು. ಫೈರ್‌ವಾಲ್ ಆ ಅಗಸಿ. ಇಂಟರ್ನೆಟ್ಟಿಂದ ಕರೆಯದೇ ಬರೋರನ್ನ ಅದು ಹೊರಗೇ ನಿಲ್ಲಿಸುತ್ತೆ. ಆಂಟಿವೈರಸ್ ಬೇರೆ. ಜೋಳಕ್ಕೆ ನುಸಿ ಹತ್ತಬಾರದು ಅಂತ ಬೇವಿನ ಸೊಪ್ಪು ಹಾಕಿ ಇಡ್ತೀವಲ್ಲ, ಅದು ಆ ಕೆಲಸ. ಒಳಗೆ ಬಂದ ಹುಳವನ್ನ ಹುಡುಕೋದು, ಸಾಯಿಸೋದು. ಎರಡೂ ಬೇಕು. ಆದರೆ ಎರಡಕ್ಕೂ ದುಡ್ಡು ಕೊಡಲೇಬೇಕು ಅನ್ನೋದು ಸುಳ್ಳು.

ವಿಂಡೋಸ್‌ನಲ್ಲಿ ಫೈರ್‌ವಾಲ್ ಮೊದಲಿಂದ ಆನ್ ಆಗಿಯೇ ಬರೋಕೆ ಶುರುವಾಗಿದ್ದು 2004ರಲ್ಲಿ, ಎಕ್ಸ್‌ಪಿ ಕಾಲದ ಸರ್ವಿಸ್ ಪ್ಯಾಕ್ 2ರಿಂದ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಅನ್ನೋ ಆಂಟಿವೈರಸ್ ಕೂಡ ಒಳಗೇ ಇದೆ. ಬಿಟ್ಟಿ. ಬೇರೆ ಆಂಟಿವೈರಸ್ ಹಾಕಿದರೆ ಡಿಫೆಂಡರ್ ಪಕ್ಕಕ್ಕೆ ಸರಿದು ಜಾಗ ಬಿಡುತ್ತೆ. ಎರಡೆರಡು ಹಾಕಿದರೆ? ಒಬ್ಬ ಕಾವಲುಗಾರ ಇನ್ನೊಬ್ಬನನ್ನೇ ಕಳ್ಳ ಅಂತ ಹಿಡೀತಾನೆ. ಕಂಪ್ಯೂಟರ್ ಏದುಸಿರು ಬಿಡುತ್ತೆ. ಅದಕ್ಕೇ ನಾವು ಎರಡನ್ನೂ ತೆಗೆದ್ವಿ.

ಹಾಗಂತ ದುಡ್ಡು ಕೊಟ್ಟು ತಗೊಳ್ಳೋದು ತಪ್ಪಾ? ಖಂಡಿತ ಅಲ್ಲ. ನಮ್ಮಲ್ಲೇ ಪುಣೆಯ ಕ್ವಿಕ್ ಹೀಲ್ ಇದೆ, ಚೆನ್ನೈನ ಕೆ7 ಇದೆ, ಹೊರಗಿನವು ಬೇಕಾದಷ್ಟಿವೆ. ಮನೆಯಲ್ಲಿ ಮಕ್ಕಳಿದ್ದಾರೆ, ಅವರು ನೋಡೋದಕ್ಕೆ ಲಗಾಮು ಬೇಕು, ಫೋನಿನಲ್ಲಿ ಸಹಾಯ ಮಾಡೋರು ಬೇಕು ಅನ್ನೋರು ತಗೊಳ್ಳಿ. ಆದರೆ ತಗೊಳ್ಳೋ ಮುಂಚೆ ಮೂರು ಮಾತು. ಒಂದು, ಅಂಗಡಿಯವನು ಹೇಳಿದ್ದನ್ನ ನಂಬಬೇಡಿ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಅನ್ನೋ ಸಂಸ್ಥೆಗಳು ಇವುಗಳನ್ನ ಪರೀಕ್ಷೆ ಮಾಡಿ ಫಲಿತಾಂಶ ಹಾಕ್ತವೆ, ಅದನ್ನ ಮನೆಯ ಹುಡುಗರಿಗೆ ನೋಡೋಕೆ ಹೇಳಿ. ಎರಡು, ಚಂದಾ ಯಾವ ದಿನ ಮುಗಿಯುತ್ತೆ ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಚಂದಾ ಮುಗಿದ ಆಂಟಿವೈರಸ್ ಅಂದ್ರೆ ಬಾಗಿಲಲ್ಲಿ ಮಲಗಿದ ಕಾವಲುಗಾರ. ಮೂರು, ಅದನ್ನ ಬಳಸೋ ಹಿರಿಯರಿಗೆ ಅರ್ಥ ಆಗಬೇಕು. ಗಂಟೆಗೊಂದು ಎಚ್ಚರಿಕೆ ಕೊಡೋದು ಬೇಡ. ದಿನಕ್ಕೆ ಹತ್ತು ಸಲ ಕೂಗೋ ಸಾಫ್ಟ್‌ವೇರ್ ಹಾಕಿದರೆ, ನಿಜವಾದ ಕೂಗು ಯಾವುದು, ಕಳ್ಳನ ಕೂಗು ಯಾವುದು ಅಂತ ಅವರಿಗೆ ಗೊತ್ತೇ ಆಗಲ್ಲ.

ಇನ್ನು ಅಪ್‌ಡೇಟ್. ಈ ಮಾತು ಬಂದ್ರೆ ಎಲ್ಲರೂ ನಾಳೆ ಅಂತಾರೆ. 2017ರ ಮೇ ನೆನಪಿದೆಯಾ? ವನ್ನಾಕ್ರೈ. ಸುಮಾರು 150 ದೇಶಗಳಲ್ಲಿ ಲಕ್ಷಗಟ್ಟಲೆ ಕಂಪ್ಯೂಟರ್ ಬೀಗ ಹಾಕಿಕೊಂಡವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನ ವಾಪಸ್ ಕಳಿಸಿದವು. ಆಂಧ್ರ ಪೊಲೀಸರ ಕೆಲವು ಕಂಪ್ಯೂಟರ್‌ಗಳಿಗೂ ತಗುಲಿತು. ವಿಚಿತ್ರ ಏನು ಗೊತ್ತಾ? ಆ ತೂತು ಮುಚ್ಚೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲೇ ಕೊಟ್ಟಿತ್ತು. ಹಾಕಿಕೊಂಡವರು ಉಳಿದರು. ನಾಳೆ ಅಂದವರು ಅತ್ತರು.

ಕಾಕಾನ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಸುರಕ್ಷತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತೆ. ಆ ನೋಂದಣಿ ಮಾಡಿಸಿದೆ. ಆಮೇಲೆ? ವಿಂಡೋಸ್ 11 ಹಿಡಿಸೋ ಯಂತ್ರ ಆದ್ರೆ ಅದು. ಇಲ್ಲಾಂದ್ರೆ ಲಿನಕ್ಸ್, ಅದೂ ಬಿಟ್ಟಿ. ಹಳೇ ವ್ಯವಸ್ಥೆ ಇಟ್ಟುಕೊಂಡು ಅದರ ಮೇಲೆ ಎಷ್ಟೇ ದುಬಾರಿ ಆಂಟಿವೈರಸ್ ಹಾಕಿ, ಗೋಡೆ ಬಿರುಕು ಬಿಟ್ಟ ಮನೆಗೆ ಹೊಸ ಬೀಗ ಹಾಕಿದ ಹಾಗೆ. ಮತ್ತೊಂದು, ಕಳ್ಳ ಕಾಪಿ ವಿಂಡೋಸ್ ಬೇಡವೇ ಬೇಡ. ಅದನ್ನ ಹಾಕುವಾಗ ಮೊದಲು ಹೇಳೋದೇ ಆಂಟಿವೈರಸ್ ಆಫ್ ಮಾಡಿ ಅಂತ. ಕಳ್ಳ ಬರೋ ಮುಂಚೆ ನಾಯಿ ಕಟ್ಟಿಹಾಕಿ ಅಂದ ಹಾಗಾಯ್ತಲ್ಲ!

ಕಾಕಾ ದಿನಾ ಕೂರೋದಕ್ಕೆ ಬೇರೆ ಖಾತೆ ಮಾಡಿಕೊಟ್ಟೆ. ಅದರಲ್ಲಿ ಹೊಸ ಸಾಫ್ಟ್‌ವೇರ್ ಹಾಕಬೇಕಾದ್ರೆ ಬಹುತೇಕ ಇನ್ನೊಂದು ಪಾಸ್‌ವರ್ಡ್ ಕೇಳುತ್ತೆ. ಆ ಪಾಸ್‌ವರ್ಡ್ ಚೀಟಿ ಕಾಕುನ ಟ್ರಂಕಿನಲ್ಲಿದೆ. ಟ್ರಂಕ್ ತೆಗೆಯೋಷ್ಟರಲ್ಲಿ ಕಾಕು "ಯಾಕ್ರೀ?" ಅಂತ ಕೇಳ್ತಾರೆ. ಆ ಒಂದು ಪ್ರಶ್ನೆ ಸಾಕು. ಕಾಕುನ ಸೀರೆ ಲೆಕ್ಕ, ಮೊಮ್ಮಗಳ ಫೋಟೋ ಎಲ್ಲ ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ, ವೈರ್ ಬಿಚ್ಚಿ ಕಪಾಟಿನಲ್ಲಿಟ್ಟೆವು. ವೈರ್ ಬಿಚ್ಚಿಡೋದು ಮುಖ್ಯ. ಸಿಕ್ಕಿಸಿಯೇ ಬಿಟ್ಟರೆ ಕಂಪ್ಯೂಟರಿಗೆ ಬಂದ ರೋಗ ಅದಕ್ಕೂ ಬರುತ್ತೆ. ಬ್ರೌಸರಿನಲ್ಲಿ ಕಾಕಾ ಕಂಡಕಂಡ ಕಡೆ "ಅಲೋ" ಒತ್ತಿದ್ದರು. ಆ ಸುಳ್ಳು ಎಚ್ಚರಿಕೆಗಳು ಮೂಲೆಯಲ್ಲಿ ಬರ್ತಾ ಇದ್ದದ್ದು ಅಲ್ಲಿಂದಲೇ. ಎಲ್ಲ ಬಂದ್ ಮಾಡಿದೆ. ಬ್ಯಾಂಕಿನ ಪಾಸ್‌ವರ್ಡನ್ನ ಬೇರೆ ಫೋನಿನಿಂದ ಬದಲಾಯಿಸಿದೆವು.

ಈಗ ನೀವು ಕೇಳಬಹುದು, ಕಾಕಾನ ಕಂಪ್ಯೂಟರಿನಲ್ಲಿ ಎರಡೆರಡು ಆಂಟಿವೈರಸ್ ಇದ್ದವಲ್ಲ, ಅವು ಯಾಕೆ ತಡೀಲಿಲ್ಲ? ಯಾಕಂದ್ರೆ ಅಲ್ಲಿ ವೈರಸ್ಸೇ ಇರಲಿಲ್ಲ! ದೂರದಿಂದ ಪರದೆ ನೋಡೋ ಆ್ಯಪ್ ಕಾನೂನುಬದ್ಧವಾದದ್ದು. ಕಂಪನಿಗಳು ದಿನಾ ಬಳಸ್ತವೆ. ಬಾಗಿಲು ತೆಗೆದದ್ದು ಮನೆಯ ಯಜಮಾನ. ಯಜಮಾನನೇ ಬನ್ನಿ ಅಂತ ಕರೆದವನನ್ನ ಕಾವಲುಗಾರ ಹೇಗೆ ತಡೀತಾನೆ? ಇಂಥ ಆ್ಯಪ್‌ಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. 2023ರ ಅಕ್ಟೋಬರಿನಲ್ಲಿ ಸಿಬಿಐ ಆಪರೇಷನ್ ಚಕ್ರ-2 ಅಂತ 76 ಕಡೆ ದಾಳಿ ಮಾಡಿತು. ದೊಡ್ಡ ಕಂಪನಿಗಳ ತಾಂತ್ರಿಕ ಸಹಾಯದವರು ಅಂತ ಹೇಳಿಕೊಂಡು ವಿದೇಶದವರನ್ನ ದೋಚ್ತಾ ಇದ್ದ ಕಾಲ್ ಸೆಂಟರುಗಳೂ ಅದರಲ್ಲಿದ್ದವು. ಅದೇ ಆಟ ಈಗ ನಮ್ಮ ಹಳ್ಳಿ ಮನೆಗಳಿಗೂ ಬಂದಿದೆ.

ಒಂದು ನೆನಪಿಡಿ. ನಿಜವಾದ ವಿಂಡೋಸ್ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರೋದಿಲ್ಲ. ನಂಬರ್ ಕಂಡ್ರೆ ಅದು ಕಳ್ಳನದು. ಪರದೆ ಮುಚ್ಚಿಕೊಳ್ಳದೇ ಇದ್ರೆ ಬಟನ್ ಒತ್ತಿ ಹಿಡಿದು ಕಂಪ್ಯೂಟರ್ ಆಫ್ ಮಾಡಿ. ಸಾಮಾನ್ಯವಾಗಿ ಏನೂ ಕೆಡಲ್ಲ.

ದುಡ್ಡು ಹೋಗಿಬಿಟ್ಟರೆ? ತಕ್ಷಣ 1930. ತಕ್ಷಣ ಬ್ಯಾಂಕ್. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರೋ ಮುಂಚೆ ತಡೀಬಹುದು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಏನು ಹೇಳಿತ್ತು? ಗ್ರಾಹಕನ ಅಜಾಗರೂಕತೆಯಿಂದ ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಅವನದು, ತಿಳಿಸಿದ ಮೇಲೆ ಆಗೋ ನಷ್ಟ ಬ್ಯಾಂಕಿನದು. ಅಂದ್ರೆ ಪ್ರತಿ ಗಂಟೆಗೂ ಬೆಲೆ ಇದೆ. ಕಾಕಾ ಕಳೆದುಕೊಂಡದ್ದು ಒಂಬತ್ತು ದಿನ. ಆ 28 ಸಾವಿರ ವಾಪಸ್ ಬರಲಿಲ್ಲ.

ಆ ಒಂಬತ್ತು ದಿನ ಕಾಕಾನ ಬಾಯಿ ಕಟ್ಟಿದ್ದು ಯಾವ ವೈರಸ್? ನನ್ನ ಅರ್ಧ ನಿಮಿಷದ ಮಾತು. ನಿಮಗ ತಿಳಿಯಂಗಿಲ್ಲ ಅನ್ನೋ ಮಾತು. ಕಳ್ಳ ಸರ್ ಅಂದ. ಮನೆಯ ಮಗ ಗದರಿದ. ಹಿರಿಯರು ಯಾರ ಮಾತು ಕೇಳ್ತಾರೆ ಹೇಳಿ? ನಲವತ್ತು ಮಕ್ಕಳಿಗೆ ಒಂದೇ ಕೋಣೆಯಲ್ಲಿ ಕಾಗುಣಿತ ಕಲಿಸಿದ ಮಾಸ್ತರು ಅವರು. ನಾನು ಅ ಆ ಇ ಈ ತಿದ್ದಿದ್ದೂ ಅವರ ಕೈ ಹಿಡಿದೇ. ಒಂದೇ ಅಕ್ಷರ ನೂರು ಸಲ ತಪ್ಪು ಬರೆದಾಗ ಅವರು ನಿನಗ ತಿಳಿಯಂಗಿಲ್ಲ ಅಂದಿರಲಿಲ್ಲ.

ಹೊರಡೋ ದಿನ ಕಾಕಾ ತಾವೇ ಒಂದು ರಟ್ಟಿನ ಮೇಲೆ ದುಂಡಗೆ ಬರೆದು ಕಂಪ್ಯೂಟರಿನ ಮೇಲೆ ಅಂಟಿಸಿದರು. "ಕೆಂಪು ಪರದಿ ಬಂದರ ಹೆದರಬಾರದು. ನಂಬರಿಗೆ ಫೋನ್ ಮಾಡಬಾರದು. ಬಂದ್ ಮಾಡಿ ತಮ್ಮಗ ಕೇಳಬೇಕು." ಕೆಳಗೆ ನನ್ನ ನಂಬರ್, ಅದರ ಕೆಳಗೆ 1930.

ಮೊನ್ನೆ ಸಂಜೆ, ಬುಲೆಟಿನ್ ಶುರುವಾಗೋಕೆ ಹತ್ತು ನಿಮಿಷ ಇತ್ತು. ಫೋನ್ ಬಂತು. "ತಮ್ಮಾ, ಮತ್ತ ಬಂದಿತ್ತು ನೋಡು ಆ ಕೆಂಪು ಪರದಿ. ಬಂದ್ ಮಾಡೀನಿ. ಛಲೋ ಮಾಡಿದ್ನಿಲ್ಲೋ?" ಛಲೋ ಮಾಡಿದ್ರಿ ಕಾಕಾ ಅಂದೆ. ಮೇಕಪ್ ಅರ್ಧಕ್ಕೆ ನಿಂತಿತ್ತು, ನಿಂತಿರಲಿ ಬಿಡಿ.

ನಿಮ್ಮೂರಿನಲ್ಲೂ ಅಪ್ಪ ಇರ್ತಾರೆ, ಅತ್ತೆ ಇರ್ತಾರೆ, ಕಾಕಾ ಇರ್ತಾರೆ. ಈ ಭಾನುವಾರ ಒಂದು ಗಂಟೆ ಅವರ ಕಂಪ್ಯೂಟರಿನ ಮುಂದೆ ಕೂತ್ಕೊಳ್ಳಿ. ಯಾವ ಆಂಟಿವೈರಸ್ ಅಂತ ಆಮೇಲೆ ನೋಡಿ. ಮೊದಲು ಒಂದು ಮಾತು ಹೇಳಿ. ಏನೇ ಆಗಲಿ, ಯಾವಾಗೇ ಆಗಲಿ, ನನಗೆ ಫೋನ್ ಮಾಡಿ, ನಾನು ಬೈಯಲ್ಲ.

ಮಾತು ಕೊಟ್ಟ ಮೇಲೆ ನಿಜವಾಗಲೂ ಬೈಬೇಡಿ.